ಸಹ್ಯಾದ್ರಿಯಲ್ಲಿ ಗಾಡಿಯೊಂದಿಗೆ ಬಿಡಾರ: ನೆಲದ ಡೇರೆಯೋ, ಗಾಡಿಯ ನೆತ್ತಿಯೋ, ಗಾಡಿಯ ಒಡಲೋ?

ಪುಣೆಯ ಕೋಥರೂಡ್ ಮತ್ತು ಕರ್ವೆನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಬಳಗದಲ್ಲಿ ಮೂರು ಗಾಡಿಗಳಿವೆ: ಒಂದು ಥಾರ್, ಒಂದು ಐದು ಬಾಗಿಲಿನ ಜಿಮ್ನಿ, ಮತ್ತು ನಾನು ಹುಬ್ಬಳ್ಳಿಯಿಂದ ತಂದ ಹಳೆಯ ಬೊಲೆರೊ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ನಾವು ತಾಮ್ಹಿಣಿ, ವೆಲ್ಹೆ, ಭೋರ್, ಜುನ್ನರ್ ಅಥವಾ ಕೊಂಕಣದ ಕಡೆಗೆ ಹೋಗಿ, ಡಾಂಬರು ಮುಗಿದ ಮೇಲೆ ಕಚ್ಚಾ ದಾರಿಯಲ್ಲಿ ಇನ್ನಷ್ಟು ದೂರ ಸಾಗಿ, ಊರಿನವರು ಒಪ್ಪಿದ ಜಾಗದಲ್ಲಿ ಒಂದೆರಡು ರಾತ್ರಿ ಕಳೆಯುತ್ತೇವೆ. ಹೊಸದಾಗಿ ಗಾಡಿ ಕೊಂಡವರು ನಮ್ಮನ್ನು ಹೆಚ್ಚಾಗಿ ಕೇಳುವುದು ಮಲಗುವ ವ್ಯವಸ್ಥೆಯ ಬಗ್ಗೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಹೋಲಿಕೆಗೆ ಇಳಿಯುವ ಮೊದಲು ನನ್ನ ನಿಲುವನ್ನು ಹೇಳಿಬಿಡುವುದು ಸರಿ. ಕಾಡಂಚಿನ ಬಿಡಾರದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಚೇಳು ಕುಟುಕಿದರೆ, ಎದೆನೋವು ಕಾಣಿಸಿಕೊಂಡರೆ, ಆಸ್ಪತ್ರೆಗೆ ಒಯ್ಯಲು ನಮ್ಮ ಕೈಯಲ್ಲಿರುವ ಸಾಧನ ಆ ಗಾಡಿಯೊಂದೇ. ಕಚ್ಚಾ ದಾರಿಯ ಕೊನೆಗೆ 108ರ ಆಂಬುಲೆನ್ಸ್ ಬರಲಾರದು. ನಾವೇ ಅದನ್ನು ಡಾಂಬರು ರಸ್ತೆಯಲ್ಲಿ ಎದುರುಗೊಳ್ಳಬೇಕಾಗುತ್ತದೆ. ಆದ್ದರಿಂದ ಯಾವ ಸೂರನ್ನು ಆರಿಸಿಕೊಂಡರೂ, ನಡುರಾತ್ರಿ ಎಚ್ಚರಗೊಂಡವರು ಎಷ್ಟು ನಿಮಿಷಗಳಲ್ಲಿ ಗಾಡಿಯನ್ನು ದಾರಿಗೆ ತರಬಲ್ಲರು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು ಎಂದು ನಾನು ನಂಬುತ್ತೇನೆ. ಮಳೆ, ಚಳಿ, ಬೆಲೆ, ಅನುಕೂಲಗಳ ವಿಚಾರ ಅದರ ನಂತರದ್ದು.

ಗಾಡಿಯ ನೆತ್ತಿಯ ಮೇಲೆ

ರೂಫ್‌ಟಾಪ್ ಟೆಂಟ್ ಎಂದು ಕರೆಯುವ ಈ ಡೇರೆಯನ್ನು ಚಾವಣಿಯ ಕ್ಯಾರಿಯರ್‌ಗೆ ಬೋಲ್ಟು ಹಾಕಿ ಕೂರಿಸುತ್ತಾರೆ. ಇದರಲ್ಲಿ ಎರಡು ಬಗೆ. ಬಟ್ಟೆಯ ಹೊದಿಕೆಯದನ್ನು ಪುಸ್ತಕ ತೆರೆದಂತೆ ಮಗ್ಗುಲಿಗೆ ಬಿಚ್ಚಬೇಕು. ಗಟ್ಟಿ ಪೆಟ್ಟಿಗೆಯದಾದರೆ ಕೊಂಡಿ ತೆಗೆದೊಡನೆ ಗ್ಯಾಸ್ ಸ್ಟ್ರಟ್ಟಿನ ಬಲದಿಂದ ಮುಚ್ಚಳ ತಾನೇ ಮೇಲೇಳುತ್ತದೆ. ಮೊದಲನೆಯದು ಸಾಮಾನ್ಯವಾಗಿ 45ರಿಂದ 65 ಕಿಲೋ ತೂಗುತ್ತದೆ, ಎರಡನೆಯದು 60ರಿಂದ 90 ಕಿಲೋ. ಹಾಸಿಗೆ ಒಳಗೇ ಇರುತ್ತದೆ, ನೆಲ ಒದ್ದೆಯಾಗಿದ್ದರೂ ಕಲ್ಲಾಗಿದ್ದರೂ ಚಿಂತೆಯಿಲ್ಲ, ಸಂಜೆ ತಡವಾಗಿ ತಲುಪಿದಾಗಲೂ ಹತ್ತು ನಿಮಿಷಗಳಲ್ಲಿ ಮಲಗಲು ಸಿದ್ಧವಾಗುತ್ತದೆ. ಪ್ರತಿ ರಾತ್ರಿ ಬೇರೊಂದು ಊರಿನಲ್ಲಿ ತಂಗುವ ದೀರ್ಘ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಕೊಂಕಣದಲ್ಲಿ ಸಡಾ ಎನ್ನುವ ಜಂಬಿಟ್ಟಿಗೆ ಕಲ್ಲಿನ ಬಯಲುಗಳಲ್ಲಿ ನೆಲದ ಡೇರೆಗೆ ಒಂದು ಗೂಟವೂ ಇಳಿಯದಿರುವಾಗ, ಥಾರ್‌ನ ನೆತ್ತಿಯ ಮೇಲೆ ನಮ್ಮ ಗೆಳೆಯ ನೆಮ್ಮದಿಯಾಗಿ ಮಲಗಿದ್ದನ್ನು ನಾನು ನೋಡಿದ್ದೇನೆ.

ಆದರೆ ಕೊಳ್ಳುವ ಮೊದಲು ಗಾಡಿಯ ಕೈಪಿಡಿಯನ್ನು ತೆರೆದು ಚಾವಣಿಯ ಭಾರದ ಮಿತಿಯನ್ನು ಓದಲೇಬೇಕು. ಅಲ್ಲಿ ಬರೆದಿರುವುದು ಗಾಡಿ ಓಡುತ್ತಿರುವಾಗಿನ ಮಿತಿ. ಚಿಕ್ಕ ಗಾಡಿಗಳಲ್ಲಿ ಅದು 30ರಿಂದ 50 ಕಿಲೋದಷ್ಟು ಕಡಿಮೆ ಇರಬಹುದು. ನಿಂತ ಗಾಡಿಯ ಚಾವಣಿ ಇದರ ಕೆಲವು ಪಟ್ಟು ಭಾರವನ್ನು ತಡೆಯುವುದರಿಂದಲೇ ಇಬ್ಬರು ಮೇಲೆ ಮಲಗಲು ಸಾಧ್ಯವಾಗುತ್ತದೆ. ಆದರೆ ಗುಂಡಿಗೆ ಬಿದ್ದು ಎದ್ದಾಗ, ಓರೆಯಾದ ದಾರಿಯಲ್ಲಿ ವಾಲಿದಾಗ, ಮೇಲಿನ ಪ್ರತಿ ಕಿಲೋವೂ ಕ್ಯಾರಿಯರಿನ ಕಾಲುಗಳ ಮೇಲೆ ಹಲವು ಪಟ್ಟು ಬಲದಿಂದ ಎರಗುತ್ತದೆ. ಕ್ಯಾರಿಯರಿನ ತೂಕವೇ 15ರಿಂದ 30 ಕಿಲೋ ಇರುತ್ತದೆ ಎಂಬುದನ್ನು ಮರೆತು ಲೆಕ್ಕ ಹಾಕುವವರು ಬಹಳ. ಬಟ್ಟೆಯ ಚಾವಣಿಯ ಥಾರ್ ಮೇಲೆ ನೇರವಾಗಿ ಏನನ್ನೂ ಹೊರಿಸುವಂತಿಲ್ಲ. ಚಾಸಿಸ್‌ಗೆ ಅಥವಾ ಬಾಡಿಗೆ ಬಿಗಿದ ಹೊರಚೌಕಟ್ಟು ಬೇಕು, ಅದರ ತೂಕವೂ ಸೇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆದ್ದರಿಂದ ಕೊರೆದು ಬೆಸುಗೆ ಹಾಕುವ ಚೌಕಟ್ಟಿಗಿಂತ ಬಿಚ್ಚಿ ತೆಗೆಯಬಹುದಾದದ್ದನ್ನೇ ನೋಡಿರಿ, ಮತ್ತು ಹಾಕಿಸುವ ಮೊದಲು ವಿಮೆಯವರಿಗೆ ತಿಳಿಸಿ ಬರಹದಲ್ಲಿ ಉತ್ತರ ಪಡೆಯಿರಿ.

ಎತ್ತರದ ಲೆಕ್ಕವನ್ನು ಮನೆಯ ಪಾರ್ಕಿಂಗಿನಿಂದಲೇ ಆರಂಭಿಸಬೇಕು. ಮೂರು ಬಾಗಿಲಿನ ಥಾರ್‌ನ ಎತ್ತರ ಸುಮಾರು 1.85 ಮೀಟರ್; ಕ್ಯಾರಿಯರಿಗೆ 10 ಸೆಂಟಿಮೀಟರ್, ಮಡಚಿದ ಡೇರೆಗೆ 30 ಸೆಂಟಿಮೀಟರ್ ಸೇರಿಸಿದರೆ ಅದು 2.25 ಮೀಟರ್ ಆಗುತ್ತದೆ. ಪುಣೆಯ ಎಷ್ಟೋ ವಸತಿ ಸಮುಚ್ಚಯಗಳ ಮತ್ತು ಮಾಲ್‌ಗಳ ನೆಲಮಾಳಿಗೆಯ ತೊಲೆಗಳು ಇದಕ್ಕಿಂತ ಕೆಳಗಿರುತ್ತವೆ. ಪ್ರತಿ ಬಾರಿ ಬಿಚ್ಚಿಡೋಣ ಎಂದರೆ 60 ಕಿಲೋ ಭಾರವನ್ನು ತಲೆಯೆತ್ತರದಿಂದ ಇಳಿಸಲು ಮೂವರು ಬೇಕು, ಇಳಿಸಿದ ಮೇಲೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದನ್ನು ಇಡಲು ಗೋಡೆಯೊಂದು ಬೇಕು. ಘಟ್ಟಗಳ ಒಳದಾರಿಗಳಲ್ಲಿ ಬಾಗಿದ ಮರದ ಕೊಂಬೆಗಳು ಹೊದಿಕೆಯನ್ನು ಸೀಳುವುದೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ಮೀಟರ್ ಎತ್ತರದಲ್ಲಿ ಕೂತ ಭಾರದಿಂದ ಗಾಡಿಯ ಗುರುತ್ವ ಕೇಂದ್ರ ಮೇಲೇರುವುದರಿಂದ, ನಿನ್ನೆಯವರೆಗೆ ನಿರಾತಂಕವಾಗಿ ದಾಟುತ್ತಿದ್ದ ಓರೆ ದಾರಿ ಇಂದು ಉರುಳಿಸಬಲ್ಲದಾಗುತ್ತದೆ.

ನಮ್ಮ ಥಾರ್ ಗೆಳೆಯನಿಗೆ ಇದರ ಇನ್ನೊಂದು ಮುಖ ಒಂದು ಮಾರ್ಚ್ ತಿಂಗಳಲ್ಲಿ ಗೊತ್ತಾಯಿತು. ಪಾನ್‌ಶೇತ್‌ನ ಹಿನ್ನೀರಿನ ಬಳಿ ಬೆಳಗಿನ ಜಾವಕ್ಕೆ ಅಕಾಲಿಕ ಮಳೆ ಸುರಿಯಿತು. ಹೊರಡಲೇಬೇಕಾಗಿದ್ದರಿಂದ ಬಟ್ಟೆಯ ರೂಫ್‌ಟಾಪ್ ಟೆಂಟನ್ನು ಒದ್ದೆಯಾಗಿಯೇ ಮಡಚಿದೆವು. ಸೋಮವಾರ ಕಚೇರಿ, ಮುಂದಿನ ಶನಿವಾರದವರೆಗೆ ಬಿಡುವಿಲ್ಲ, ಸಮುಚ್ಚಯದ ಪಾರ್ಕಿಂಗಿನಲ್ಲಿ ಅದನ್ನು ಪೂರ್ತಿ ಬಿಚ್ಚಿದರೆ ಪಕ್ಕದ ಗಾಡಿಯ ಮೇಲೆ ಚಾಚುತ್ತದೆ. ಶನಿವಾರ ತೆರೆದಾಗ ಹಾಸಿಗೆಯ ತಳವೆಲ್ಲ ಕಪ್ಪು ಬೂಷ್ಟು. ನೆಲದ ಡೇರೆಯಾಗಿದ್ದರೆ ಅದೇ ರಾತ್ರಿ ಬಾಲ್ಕನಿಯ ಹಗ್ಗದ ಮೇಲೆ ಹರವಬಹುದಾಗಿತ್ತು. ನಗರದ ಫ್ಲ್ಯಾಟಿನಲ್ಲಿರುವವರು ಬೆಲೆಗಿಂತ ಮೊದಲು ಒಣಗಿಸುವ ಜಾಗದ ಬಗ್ಗೆ ಯೋಚಿಸಬೇಕು.

ಏಣಿಯನ್ನೂ ಮರೆಯಬಾರದು. ಚಿಕ್ಕ ಮಕ್ಕಳು, ಮಂಡಿನೋವಿನವರು, ರಾತ್ರಿ ಎರಡು ಬಾರಿ ಮೂತ್ರಕ್ಕೆ ಏಳುವವರು ಮಂಜಿನಿಂದ ಜಾರುವ ಏಣಿಯನ್ನು ನಿದ್ದೆಗಣ್ಣಿನಲ್ಲಿ ಇಳಿಯಬೇಕಾಗುತ್ತದೆ. ಎಪ್ಪತ್ತು ದಾಟಿದ ನನ್ನ ಅವ್ವ ಆ ಏಣಿಯನ್ನು ಒಮ್ಮೆ ಅಲುಗಾಡಿಸಿ ನೋಡಿ, ತನಗೆ ಕೆಳಗೇ ಹಾಸಲು ಹೇಳಿದಳು. ಇನ್ನು ನನ್ನ ಮೊದಲ ಪ್ರಶ್ನೆಗೆ ಬಂದರೆ, ಇಲ್ಲಿ ಹಾಸಿಗೆ ಮತ್ತು ಗಾಡಿ ಒಂದಕ್ಕೊಂದು ಕಟ್ಟಿಕೊಂಡಿವೆ. ಎಲ್ಲರೂ ಕೆಳಗಿಳಿದು, ಏಣಿ ತೆಗೆದು, ಡೇರೆಯನ್ನು ಮಡಚಿ, ಪಟ್ಟಿಗಳನ್ನು ಬಿಗಿಯದೆ ಗಾಡಿ ಅಲುಗುವಂತಿಲ್ಲ. ಬಟ್ಟೆಯದಕ್ಕೆ ಕತ್ತಲಲ್ಲಿ, ಗಾಬರಿಯಲ್ಲಿ, ಕಾಲು ಗಂಟೆ ಬೇಕು. ಗಟ್ಟಿ ಪೆಟ್ಟಿಗೆಯದು ಎರಡು ಮೂರು ನಿಮಿಷಗಳಲ್ಲಿ ಮುಚ್ಚಿಕೊಳ್ಳುವುದರಿಂದ, ನೆತ್ತಿಯ ಮೇಲೆಯೇ ಮಲಗಬೇಕೆಂದು ನಿರ್ಧರಿಸಿದವರಿಗೆ ನಾನು ಒಪ್ಪಿ ಹೇಳುವುದು ಅದನ್ನೇ. ಒಂದೇ ಗಾಡಿಯಲ್ಲಿ ಹೋಗುವವರಿಗಂತೂ ಬಟ್ಟೆಯದನ್ನು ಹೇಳಲಾರೆ.

ನೆಲದ ಡೇರೆ

ನೆಲದ ಡೇರೆಯ ದೊಡ್ಡ ಗುಣ ಸ್ವಾತಂತ್ರ್ಯ. ಗಾಡಿ ನಿಲ್ಲಬಹುದಾದ ಜಾಗವೂ ಮನುಷ್ಯ ಮಲಗಬಹುದಾದ ಜಾಗವೂ ಸಹ್ಯಾದ್ರಿಯಲ್ಲಿ ಒಂದೇ ಆಗಿರುವುದು ಅಪರೂಪ. ಗಾಡಿಯನ್ನು ಓರೆಯಾದ ದಾರಿಯಂಚಿನಲ್ಲಿ ಬಿಟ್ಟು, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಸಮತಟ್ಟಾದ, ಗಾಳಿಗೆ ಮರೆಯಾದ ಜಾಗದಲ್ಲಿ ಮಲಗಬಹುದು. ಹಗಲು ಡೇರೆಯನ್ನು ನಿಲ್ಲಿಸಿಯೇ ಹೋಗಿ ಗಾಡಿಯಲ್ಲಿ ಸುತ್ತಾಡಿ ಬರಬಹುದು. ಅಪಾಯವಾದಾಗ ಅದನ್ನು ಅಲ್ಲೇ ಬಿಟ್ಟು ಗಾಡಿ ಹತ್ತಬಹುದು. ಕೆಲವು ಸಾವಿರ ರೂಪಾಯಿಯ ಬಟ್ಟೆಯನ್ನು ಬಿಟ್ಟುಬರಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಗೂಟವಿಲ್ಲದೆಯೂ ತಾನೇ ನಿಲ್ಲುತ್ತದೆಯೇ ಎಂಬುದು. ದಖನ್ನಿನ ಕರಿಗಲ್ಲಿನ ಹಾಸಿನಲ್ಲಿ ಗೂಟ ಬಾಗುತ್ತದೆ, ಕೊಂಕಣದ ಜಂಬಿಟ್ಟಿಗೆಯಲ್ಲಿ ಇಳಿಯುವುದೇ ಇಲ್ಲ, ಕಡಲ ಮರಳಿನಲ್ಲಿ ಕಿತ್ತುಬರುತ್ತದೆ. ಎರಡು ಕಂಬಿಗಳು ಅಡ್ಡಹಾಯುವ ಗುಮ್ಮಟದ ಆಕಾರದ್ದಾದರೆ ನಾಲ್ಕು ಮೂಲೆಗಳಿಗೆ ಕಲ್ಲು ಕಟ್ಟಿ, ಮರಳಿನಲ್ಲಾದರೆ ಮರಳು ತುಂಬಿದ ಚೀಲ ಹೂತು, ಒಂದು ಹಗ್ಗವನ್ನು ಗಾಡಿಯ ಚಕ್ರಕ್ಕೇ ಬಿಗಿದು ನಿಲ್ಲಿಸಬಹುದು. ಚಕ್ರಕ್ಕೆ ಕಟ್ಟಿದ ಹಗ್ಗವನ್ನು ಗಾಡಿ ಹೊರಡುವ ಮೊದಲು ಬಿಚ್ಚಲು ನೆನಪಾಗುವಂತೆ ಅದರ ತುದಿಗೆ ಬಿಳಿಯ ಬಟ್ಟೆಯೊಂದನ್ನು ಕಟ್ಟುವುದು ನಮ್ಮ ರೂಢಿ. ಕಂಬಿಗಳು ಅಲ್ಯೂಮಿನಿಯಂನದಾಗಿದ್ದರೆ ಉತ್ತಮ. ಅಗ್ಗದ ಫೈಬರ್ ಕಂಬಿಗಳು ಮೇ ತಿಂಗಳ ಸಂಜೆಯ ಬಿರುಗಾಳಿಗೆ ಸೀಳುತ್ತವೆ, ಸೀಳಿದ ಎಳೆ ಬಟ್ಟೆಯನ್ನೂ ಕೈಯನ್ನೂ ಕೊರೆಯುತ್ತದೆ.

ಎರಡು ಪದರಗಳಿರುವುದು ಅಗತ್ಯ. ಒಳಗಿನದು ಜಾಲರಿ, ಹೊರಗಿನದು ಮಳೆ ತಡೆಯುವ ಬಟ್ಟೆ. ಒಂದೇ ಪದರದ ಡೇರೆಯಲ್ಲಿ ನಮ್ಮ ಉಸಿರಿನ ತೇವವೇ ಬೆಳಗಿನ ಹೊತ್ತಿಗೆ ಮುಖದ ಮೇಲೆ ಹನಿಯುತ್ತದೆ. ಹಿನ್ನೀರಿನ ಬಳಿ ಡಿಸೆಂಬರಿನಲ್ಲಿ ಇದು ಇನ್ನೂ ಹೆಚ್ಚು. ಬಟ್ಟೆಯ ಮೇಲೆ 3000 ಮಿಲಿಮೀಟರ್ ಎಂದು ಬರೆದಿದ್ದರೆ, ಮೂರು ಮೀಟರ್ ಎತ್ತರದ ನೀರಿನ ಕಂಬದ ಒತ್ತಡದವರೆಗೆ ಅದು ಸೋರುವುದಿಲ್ಲ ಎಂದರ್ಥ. ಚಾವಣಿಗೆ ಅದಕ್ಕಿಂತ ಕಡಿಮೆಯಿದ್ದರೂ ನಡೆಯುತ್ತದೆ, ಆದರೆ ಮಂಡಿಯೂರಿದಾಗ ಒದ್ದೆ ನೆಲದ ನೀರು ಮೇಲೆ ಒಸರುವ ತಳಕ್ಕೆ ಹೆಚ್ಚು ಬೇಕು. ಸಂಖ್ಯೆಗಿಂತ ಹೊಲಿಗೆಯ ಮೇಲಿನ ಪಟ್ಟಿಯನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಸೋರುವುದು ಬಹುತೇಕ ಹೊಲಿಗೆಯಲ್ಲೇ. ಪಾಲಿಯುರೆಥೇನ್ ಲೇಪನವು ತೇವದಲ್ಲಿ ನಿಧಾನವಾಗಿ ಕರಗಿ ಅಂಟಂಟಾಗುವುದರಿಂದ, ಮಳೆಗಾಲ ಪೂರ್ತಿ ಚೀಲದೊಳಗೆ ಬಿಗಿದಿಟ್ಟ ಡೇರೆ ಅಕ್ಟೋಬರಿನಲ್ಲಿ ಕೆಟ್ಟ ವಾಸನೆಯೊಂದಿಗೆ ಹೊರಬರುತ್ತದೆ. ಅದನ್ನು ಹಳೆಯ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ ಕಪಾಟಿನ ಮೇಲ್ಭಾಗದಲ್ಲಿಡಿ.

ನೆಲದ ಡೇರೆಯ ಬಗ್ಗೆ ಎಲ್ಲರ ಆತಂಕ ಹಾವು, ಚೇಳು, ಚಿರತೆ. ಈ ಆತಂಕ ಸುಳ್ಳಲ್ಲ. ಮರಾಠಿಯಲ್ಲಿ ಮಣ್ಯಾರ್ ಎನ್ನುವ ಕಟ್ಟುಹಾವು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ ನೋವು ಎಷ್ಟೋ ಬಾರಿ ಗೊತ್ತಾಗುವುದೇ ಇಲ್ಲ. ಕೊಂಕಣದ ಕಲ್ಲುಬಯಲುಗಳಲ್ಲಿ ಫುರ್ಸೆ, ಅಂದರೆ ಗರಗಸ ಮಂಡಲ ಹೇರಳ. ಮಹಾಡ್ ಸುತ್ತಿನ ಕೆಂಪು ಚೇಳಿನ ವಿಷಕ್ಕೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಔಷಧವನ್ನು ಬಳಸಿ ಅಸಂಖ್ಯ ಜೀವಗಳನ್ನು ಉಳಿಸಿದವರು ಅಲ್ಲಿಯ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್. ವರಂಧಾ ಘಟ್ಟ ಇಳಿದರೆ ಸಿಗುವ ಆ ಊರಿನ ಹೆಸರನ್ನು ಕೇಳಿದಾಗಲೆಲ್ಲ ನನಗೆ ಬೂಟು ಝಾಡಿಸುವುದು ನೆನಪಾಗುತ್ತದೆ. ತಳವನ್ನು ಗೋಡೆಗೆ ಸೇರಿಸಿ ಹೊಲಿದಿರುವ, ಜಿಪ್ಪು ಪೂರ್ತಿ ಮುಚ್ಚುವ ಡೇರೆಯೊಳಗೆ ಹಾವು ಬರುವುದಿಲ್ಲ; ಬರುವುದು ನಾವು ಸಂಜೆ ಜಿಪ್ಪು ತೆರೆದಿಟ್ಟಾಗ. ಬೂಟುಗಳನ್ನು ಹೊರಗೆ ಬಿಡದೆ ಚೀಲದಲ್ಲಿ ಕಟ್ಟಿ ಒಳಗಿಡಬೇಕು, ಟಾರ್ಚ್ ಹಚ್ಚದೆ ಕಾಲು ಹೊರಗೆ ಇಡಬಾರದು. ಜುನ್ನರ್‌ನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ನೆಲೆಸಿವೆ, ಅಲ್ಲಿಯ ಮಾಣಿಕ್‌ಡೋಹ್‌ನಲ್ಲಿ ಅವುಗಳಿಗೆಂದೇ ರಕ್ಷಣಾ ಕೇಂದ್ರವಿದೆ. ಆ ಭಾಗದಲ್ಲಿ ಮಕ್ಕಳೊಂದಿಗೆ ಹೋದಾಗ ನಾವು ನೆಲದ ಡೇರೆಯನ್ನು ಹಾಕುವುದೇ ಇಲ್ಲ, ಊರೊಳಗೆ ಯಾರದಾದರೂ ಅಂಗಳವನ್ನು ಕೇಳುತ್ತೇವೆ.

ಎರೆಮಣ್ಣಿನ ಹೊಲದಲ್ಲಿ ಮಳೆ ಬಿದ್ದರೆ ನೆಲದ ಡೇರೆಯ ಕಥೆ ಮುಗಿಯಿತು. ಪ್ರತಿ ಹೆಜ್ಜೆಗೂ ಒಂದು ಸೇರು ಮಣ್ಣು ಒಳಗೆ ಬರುತ್ತದೆ. ಅಲ್ಲಿ ನೆತ್ತಿಯ ಡೇರೆಯೇ ಮೇಲು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಘಟ್ಟದ ಇಳಿಜಾರಿನ ಕೆಳಗೆ ಯಾವ ಸೂರೂ ಬೇಡ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಕುಸಿದು ನೂರೈವತ್ತಕ್ಕೂ ಹೆಚ್ಚು ಜನ ಮಡಿದರು. ಅವರು ಗೋಡೆಗಳಿರುವ ಮನೆಗಳಲ್ಲಿದ್ದವರು.

ಗಾಡಿಯ ಒಡಲಲ್ಲಿ

ಗಾಡಿಯೊಳಗೆ ಮಲಗುವುದನ್ನು ಜನ ನಿರುಪಾಯದ ವ್ಯವಸ್ಥೆ ಎಂದು ಭಾವಿಸುತ್ತಾರೆ. ಗುಡುಗುಸಿಡಿಲಿನ ರಾತ್ರಿಯಲ್ಲಿ ಅದೇ ಮೊದಲ ವ್ಯವಸ್ಥೆ. ಏಪ್ರಿಲ್–ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಸಂಜೆಯ ಮೋಡ ಒಡೆದಾಗ, ನೆಲದ ಡೇರೆಯಾಗಲಿ ನೆತ್ತಿಯ ಡೇರೆಯಾಗಲಿ ಸಿಡಿಲಿನಿಂದ ಕಾಯುವುದಿಲ್ಲ. ಲೋಹದ ಚಾವಣಿಯ ಗಾಡಿ, ಕಿಟಕಿಗಳನ್ನು ಏರಿಸಿ ಕೂತರೆ, ವಿದ್ಯುತ್ತನ್ನು ತನ್ನ ಹೊರಮೈಯ ಮೂಲಕವೇ ನೆಲಕ್ಕೆ ಹರಿಸಿಬಿಡುತ್ತದೆ. ಬಟ್ಟೆಯ ಅಥವಾ ಫೈಬರಿನ ಚಾವಣಿಗೆ ಈ ಮಾತು ಅನ್ವಯಿಸುವುದಿಲ್ಲ. ಗಾಡಿಯನ್ನು ದಾರಿಗೆ ತರುವ ನನ್ನ ಪ್ರಶ್ನೆಗೂ ಇಲ್ಲಿಯ ಉತ್ತರವೇ ಅತ್ಯುತ್ತಮ: ಮುಂದಿನ ಆಸನಕ್ಕೆ ಸರಿದು ಕೀಲಿ ತಿರುಗಿಸಿದರೆ ಸಾಕು.

ಅಡ್ಡಿಯಿರುವುದು ಉದ್ದದಲ್ಲಿ. ಟೇಪು ಹಿಡಿದು ಹಿಂಬಾಗಿಲಿನಿಂದ, ಪೂರ್ತಿ ಮುಂದೆ ಸರಿಸಿದ ಮುಂದಿನ ಆಸನದ ಬೆನ್ನಿನವರೆಗೆ ಅಳೆಯಿರಿ. ನಿಮ್ಮ ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಹೆಚ್ಚಿದ್ದರೆ ಮಾತ್ರ ನಿದ್ದೆ. ಜಿಮ್ನಿಯಲ್ಲಿ ತಲೆದಿಂಬುಗಳನ್ನು ತೆಗೆದು ಮುಂದಿನ ಆಸನಗಳನ್ನು ಹಿಂದಕ್ಕೆ ಒರಗಿಸಿ, ಉಬ್ಬುತಗ್ಗುಗಳಿಗೆ ಕಂಬಳಿ ತುರುಕಿದರೆ ಒಬ್ಬರು ಸುಖವಾಗಿ, ಇಬ್ಬರು ಇಕ್ಕಟ್ಟಾಗಿ ಮಲಗಬಹುದು. ಮೂರು ಬಾಗಿಲಿನ ಥಾರ್‌ನಲ್ಲಿ ಕಾಲು ಚಾಚುವ ಆಸೆಯನ್ನು ಬಿಡಬೇಕು. ನನ್ನ ಬೊಲೆರೊದಲ್ಲಿ ಹಿಂದಿನ ಆಸನಗಳನ್ನು ಬಿಚ್ಚಿ, ಶುಕ್ರವಾರ ಪೇಟೆಯ ಬಡಗಿಯೊಬ್ಬರಿಂದ 12 ಮಿಲಿಮೀಟರ್ ಪ್ಲೈವುಡ್‌ನ ಎರಡು ಹಲಗೆಗಳನ್ನು ಮಾಡಿಸಿದ್ದೇನೆ. ಅವುಗಳ ಕೆಳಗೆ ಸಾಮಾನು, ಮೇಲೆ ಹಾಸಿಗೆ.

ಎರಡು ಎಚ್ಚರಿಕೆಗಳು. ಸಿಡಿಲಿನ ಹೊತ್ತನ್ನು ಬಿಟ್ಟರೆ, ಕಿಟಕಿಗಳನ್ನು ಎದುರುಬದುರಾಗಿ ಎರಡು ಬೆರಳಷ್ಟು ತೆರೆದು, ಸೊಳ್ಳೆಪರದೆಯ ಬಟ್ಟೆಯನ್ನು ಬಾಗಿಲಿಗೆ ಸಿಕ್ಕಿಸಿ ಮಲಗಬೇಕು. ಮತ್ತು ಎಸಿಗಾಗಿ ಎಂಜಿನ್ ಓಡಿಸುತ್ತ ನಿದ್ದೆ ಹೋಗುವುದು, ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಡುವುದು, ಗ್ಯಾಸ್ ಒಲೆ ಹಚ್ಚುವುದು, ಈ ಮೂರನ್ನೂ ಯಾವ ಕಾರಣಕ್ಕೂ ಮಾಡಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಡೇರೆಗಳಿಗೂ ಇದೇ ನಿಯಮ.

ಜೋಲಿ, ತಾಡಪತ್ರಿ

ಎರಡು ಗಟ್ಟಿ ಮರಗಳ ನಡುವೆ ಜೋಲಿ ಕಟ್ಟಿ ಮೇಲೆ ತಾಡಪತ್ರಿ ಎಳೆದುಕೊಳ್ಳುವುದು ಅಂಬೋಲಿ, ತಿಳ್ಳಾರಿ ಕಡೆಯ ದಟ್ಟ ಮರಗಳಿರುವ ಖಾಸಗಿ ತೋಟಗಳಲ್ಲಿ ಚೆನ್ನಾಗಿ ಒಗ್ಗುತ್ತದೆ. ಸೊಳ್ಳೆಪರದೆ ಹೊಲಿದ ಜೋಲಿಯನ್ನೇ ಕೊಳ್ಳಿ. ಬೋಳು ಘಟ್ಟದ ನೆತ್ತಿಯಲ್ಲಿ ಮರವೇ ಇರುವುದಿಲ್ಲ, ಆದ್ದರಿಂದ ಇದು ಏಕೈಕ ಸೂರಾಗಲಾರದು. ಬರಿಯ ತಾಡಪತ್ರಿಯನ್ನು ಗಾಡಿಯ ಪಕ್ಕಕ್ಕೆ ಇಳಿಬಿಟ್ಟು ಅಡಿಗೆ ಮಾಡಲು ಬಳಸಿ. ಅದರ ಕೆಳಗೆ ಮಲಗಬೇಡಿ, ಕಟ್ಟುಹಾವಿನ ಬಗ್ಗೆ ಮೇಲೆ ಬರೆದದ್ದೇ ಕಾರಣ.

ಹಾಸಿಗೆ

ಸೂರಿಗೆ ಲಕ್ಷ ಕೊಟ್ಟು ಹಾಸಿಗೆಗೆ ಜಿಪುಣತನ ತೋರಿದವರು ರಾತ್ರಿಯಿಡೀ ನಡುಗುವುದನ್ನು ಕಂಡಿದ್ದೇನೆ. ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ಕೆಳಗಿನಿಂದ ಏರುತ್ತದೆ. ಹಾಸುವ ಪ್ಯಾಡಿನ ಮೇಲೆ ಬರೆದಿರುವ ಆರ್ ಮೌಲ್ಯ ಅದು ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಹೇಳುತ್ತದೆ. ಕೊಂಕಣಕ್ಕೆ 1 ಅಥವಾ 2 ಸಾಕು. ವೆಣ್ಣಾ ಕೆರೆಯ ಬಳಿ ಇಬ್ಬನಿ ಹೆಪ್ಪುಗಟ್ಟುವ ಮಹಾಬಳೇಶ್ವರದ ಚಳಿಗಾಲಕ್ಕೆ 3 ಅಥವಾ 4 ಬೇಕು. ಲಡಾಖ್, ಸ್ಪಿತಿಗೆ ಹೋಗುವವರು 5ಕ್ಕಿಂತ ಕಡಿಮೆಯದನ್ನು ಒಯ್ಯಬಾರದು. ಗಾಳಿ ತುಂಬುವ ಸಾದಾ ಹಾಸಿಗೆ ಮೆತ್ತಗಿದ್ದರೂ ಒಳಗಿನ ಗಾಳಿ ತಣ್ಣಗಾಗಿ ಮೈಯ ಶಾಖವನ್ನು ಹೀರುತ್ತದೆ. ನೆತ್ತಿಯ ಡೇರೆಯ ತಳಕ್ಕೆ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅದರ ಫೋಮಿನ ಕೆಳಗೆ ಇನ್ನೊಂದು ಪದರ ಹಾಸುವುದು ಒಳ್ಳೆಯದು. ನಾನು ಹಾಸುವುದು ಕರಿ ಕಂಬಳಿ. ನಮ್ಮ ಕಡೆಯ ಕುರುಬರ ಕಂಬಳಿಯನ್ನೇ ಇಲ್ಲಿಯ ಧನಗರರು ಘೋಂಗಡಿ ಎಂದು ಹೊದ್ದು ಮಳೆಯಲ್ಲಿ ಕುರಿ ಕಾಯುತ್ತಾರೆ. ಉಣ್ಣೆ ಒದ್ದೆಯಾದ ಮೇಲೂ ಬೆಚ್ಚಗಿಡುತ್ತದೆ ಎಂಬುದನ್ನು ಅವರು ತಲೆಮಾರುಗಳಿಂದ ಬಲ್ಲರು.

ಕೊಳ್ಳುವ ಕ್ರಮ

ಮೊದಲ ಬಾರಿಗೆ ಹೋಗುವವರು ಏನನ್ನೂ ಕೊಳ್ಳದೆ, ಡೇರೆಯನ್ನು ಬಾಡಿಗೆಗೆ ಅಥವಾ ಗೆಳೆಯರಿಂದ ತಂದು ಒಂದು ರಾತ್ರಿ ಕಳೆಯಲಿ. ಆಮೇಲೆ ಕೊಳ್ಳಬೇಕಾದದ್ದು ಒಳ್ಳೆಯ ಹಾಸುವ ಪ್ಯಾಡು, ನಂತರ ಮೂವರ ಅಳತೆಯ ಗುಮ್ಮಟದ ಡೇರೆ. ಇಬ್ಬರದೆಂದು ಬರೆದಿರುವುದರಲ್ಲಿ ಇಬ್ಬರು ಮತ್ತು ಅವರ ಚೀಲಗಳು ಹಿಡಿಯುವುದಿಲ್ಲ. ಅದರೊಂದಿಗೆ, ಸಿಡಿಲಿನ ರಾತ್ರಿಗೆ ಎಲ್ಲರೂ ಗಾಡಿಯೊಳಗೆ ಕೂರಲಾದರೂ ಸಾಧ್ಯವಾಗುವಂತೆ ಸಾಮಾನನ್ನು ಜೋಡಿಸುವ ಕ್ರಮವನ್ನು ರೂಢಿಸಿಕೊಳ್ಳಬೇಕು. ಲಕ್ಷದ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ರೂಫ್‌ಟಾಪ್ ಟೆಂಟನ್ನು, ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ರಾತ್ರಿ ಹೊರಗೆ ಕಳೆಯುವವರು, ತೆರೆದ ಪಾರ್ಕಿಂಗ್ ಇರುವವರು, ಜೊತೆಗೆ ಇನ್ನೊಂದು ಗಾಡಿ ಬರುವವರು ಮಾತ್ರ ಯೋಚಿಸಲಿ.

ಅನುಮತಿಯ ವಿಚಾರವೂ ಸೂರಿನ ಆಯ್ಕೆಯನ್ನು ಬದಲಿಸುತ್ತದೆ. ಭಂಡಾರದರಾ ಸುತ್ತಿನ ಬಹುಭಾಗ ಕಳಸೂಬಾಯಿ–ಹರಿಶ್ಚಂದ್ರಗಡ ಅಭಯಾರಣ್ಯಕ್ಕೆ ಸೇರಿದ್ದು. ಮೇ ಕೊನೆಯಲ್ಲಿ ಮಿಂಚುಹುಳು ನೋಡಲು ಹೋಗುವವರು ಅರಣ್ಯ ಇಲಾಖೆ ಹೇಳಿದ ಜಾಗದಲ್ಲೇ ತಂಗಬೇಕು, ಗಾಡಿಯ ದೀಪಗಳನ್ನು ಆರಿಸಬೇಕು. ಅಂಥಲ್ಲಿ ಗಾಡಿಗೂ ಬಿಡಾರಕ್ಕೂ ದೂರವಿರುವುದರಿಂದ ಹೊತ್ತೊಯ್ಯಬಹುದಾದ ನೆಲದ ಡೇರೆಯೊಂದೇ ದಾರಿ. ಗೋವೆಯಲ್ಲಿ ಕಡಲದಂಡೆಯ ಮರಳಿನ ಮೇಲೆ ಗಾಡಿ ಓಡಿಸುವುದೇ ನಿಷಿದ್ಧ, ಹೀಗಾಗಿ ಅಲೆಯ ಪಕ್ಕ ನಿಲ್ಲಿಸಿ ನೆತ್ತಿಯ ಮೇಲೆ ಮಲಗುವ ಚಿತ್ರಗಳನ್ನು ನೋಡಿ ಹಣ ಹೂಡಬೇಡಿ.

ಬಿಡಾರ ಹೂಡಿದ ಮೇಲೆ, ಅಡಿಗೆಗೆ ಒಲೆ ಹಚ್ಚುವ ಮೊದಲೇ, ನಾವು ಮೂರೂ ಗಾಡಿಗಳ ಮೂತಿಯನ್ನು ಬಂದ ದಾರಿಯತ್ತ ತಿರುಗಿಸಿ ನಿಲ್ಲಿಸುತ್ತೇವೆ. ನೆತ್ತಿಯ ಡೇರೆ ತೆರೆದಿರುವ ಥಾರ್ ಎಲ್ಲಕ್ಕಿಂತ ಹಿಂದೆ, ಯಾರ ದಾರಿಗೂ ಅಡ್ಡವಾಗದಂತೆ; ಬೊಲೆರೊ ಎಲ್ಲಕ್ಕಿಂತ ಮುಂದೆ, ಅದರ ಕೀಲಿ ನನ್ನ ಡೇರೆಯ ಬಾಗಿಲಿನ ಎಡಗಡೆಯ ಜೇಬಿನಲ್ಲಿ, ಟಾರ್ಚಿನ ಪಕ್ಕದಲ್ಲಿ. ಹತ್ತಿರದ ಗ್ರಾಮೀಣ ಆಸ್ಪತ್ರೆ ಯಾವ ಊರಿನಲ್ಲಿದೆ, ಅಲ್ಲಿ ಪ್ರತಿವಿಷ ಇದೆಯೇ ಎಂಬುದನ್ನು ಸಂಜೆಯೇ ಊರಿನವರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದೇ ಜೇಬಿನಲ್ಲಿ ಇಡುತ್ತೇವೆ.